ತಾಯಿಕಾಗದದ ಗೆರೆಗಳು

ಕತ್ತರಿ ಕೊನೆಯ ತಿರುವು ದಾಟಿ ಕಾಗದದಿಂದ ಹೊರಬಿದ್ದಾಗ ಚಿಟಿಕೆ ನಾಲಿಗೆಯನ್ನು ಒಳಗೆಳೆದುಕೊಂಡಳು. ಮನಸ್ಸಿಟ್ಟು ಕೆಲಸ ಮಾಡುವಾಗ ಅವಳ ನಾಲಿಗೆ ತಾನೂ ನೋಡಬೇಕೆಂದು ಹೊರಗೆ ಬಂದು ಕೂರುತ್ತಿತ್ತು.

ಮೇಜಿನ ಮೇಲೆ ಫ್ರಾಕಿನ ಮುಂಭಾಗ, ಹಿಂಭಾಗ, ತೋಳು, ಕಾಲರ್ ಎಲ್ಲವೂ ಕಾಗದದಲ್ಲಿ ಅಚ್ಚುಕಟ್ಟಾಗಿ ಮಲಗಿದ್ದವು. ಇನ್ನು ಇವನ್ನು ಬಟ್ಟೆಯ ಮೇಲಿಟ್ಟು ಕತ್ತರಿಸಿ ಹೊಲಿದರೆ ಅವಳ ಬೇಸಿಗೆ ಫ್ರಾಕು ಸಿದ್ಧ. ಬಟ್ಟೆ ಹಿತ್ತಲ ತಂತಿಯ ಮೇಲೆ ಒಣಗುತ್ತಿತ್ತು. ತಿಳಿನೀಲಿ ಲಿನನ್. ಲಿನನ್ ಮೊದಲ ನೀರಿಗೆ ಕುಗ್ಗುತ್ತದೆ. ಕುಗ್ಗುವುದನ್ನೆಲ್ಲ ಹೊಲಿಯುವ ಮೊದಲೇ ಕುಗ್ಗಿ ಮುಗಿಸಲಿ ಎಂದು ಹೊಲಿಗೆ ಅತ್ತೆ ನಿನ್ನೆ ಅದನ್ನು ನೆನೆಹಾಕಿದ್ದರು.

ಹೊಲಿಗೆ ಅತ್ತೆ ಚಿಟಿಕೆಗೆ ಸ್ವಂತ ಅತ್ತೆಯೇನಲ್ಲ. ಬೀದಿಯ ಮಕ್ಕಳಿಗೆಲ್ಲ ಅವರು ಅತ್ತೆ. ಈ ರಜೆಯಲ್ಲಿ ನಿನ್ನ ಫ್ರಾಕು ನೀನೇ ಹೊಲಿ, ಬಾ, ಎಂದು ಅವರೇ ಕರೆದಿದ್ದರು.

ಚಿಟಿಕೆ ಎಂಬ ಹೆಸರು ಯಾಕೆ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ವಯಸ್ಸು ಹತ್ತು, ನೋಡಿದರೆ ಏಳು. ಕ್ಲಾಸ್ ಫೋಟೋದಲ್ಲಿ ಪ್ರತಿ ವರ್ಷವೂ ಮುಂದಿನ ಸಾಲು, ಅದರಲ್ಲೂ ಕೊನೆಯ ತುದಿ. ಪಕ್ಕದ ಮನೆಯ ಉದ್ದನೆಯ ಹುಡುಗಿ ಏಣಿಯೂ ಅದೇ ಕ್ಲಾಸು, ಆದರೆ ಅವಳಿಗೆ ಹಿಂದಿನ ಸಾಲು. "ನಿಂಗೇನೇ, ಒಂದು ಕರ್ಚೀಫ್ ಇದ್ರೆ ಫ್ರಾಕ್ ಆಗುತ್ತೆ" ಎಂದು ಏಣಿ ನಿನ್ನೆ ತಾನೇ ಹೇಳಿದ್ದಳು. ಆ ಮಾತು ಚಿಟಿಕೆಯ ಎದೆಯಲ್ಲಿ ಗುಂಡುಸೂಜಿಯ ಹಾಗೆ ನಿಂತುಬಿಟ್ಟಿತ್ತು.

ನೆಲದ ಮೇಲಿನ ಕಾಗದದ ಪಟ್ಟಿಗಳನ್ನು ಗುಡಿಸಲು ಬಗ್ಗಿದಾಗ ಒಂದರ ಮೇಲೆ ಏನೋ ಬರೆದದ್ದು ಕಂಡಿತು. ಪೆನ್ಸಿಲ್ಲಿನ ಸಣ್ಣ ಅಕ್ಷರ. ಇನ್ನೊಂದರ ಮೇಲೂ ಇತ್ತು. ಮತ್ತೊಂದರ ಮೇಲೂ. ಪೊರಕೆ ಹಿಡಿದ ಕೈ ನಿಂತಿತು. ಬೆಳಗ್ಗೆ ಅತ್ತೆ ಹೇಳಿದ್ದು ಆಗ ನೆನಪಾಯಿತು.

ಇದು ತಾಯಿಕಾಗದ. ಅತ್ತೆಗೆ ಹೊಲಿಗೆ ಕಲಿಸಿದ ಗುರುವಮ್ಮ ಕೈಯಾರೆ ಬರೆದುಕೊಟ್ಟದ್ದು. ಅದರಲ್ಲಿ ಒಂದರ ಹೊರಗೆ ಒಂದರಂತೆ ಆರು ಗೆರೆಗಳು, ಕೊಳಕ್ಕೆ ಕಲ್ಲೆಸೆದಾಗ ಏಳುವ ಬಳೆಗಳ ಹಾಗೆ. ಒಳಗಿನದು ಅತಿ ಚಿಕ್ಕವರಿಗೆ, ಹೊರಗಿನದು ದೊಡ್ಡವರಿಗೆ. ತಾಯಿಕಾಗದಕ್ಕೆ ಎಂದೂ ಕತ್ತರಿ ಹಾಕುವಂತಿಲ್ಲ. ಕೆಳಗೆ ನ್ಯೂಸ್‌ಪೇಪರ್ ಇಟ್ಟು, ಬೇಕಾದ ಗೆರೆಯ ಮೇಲೆ ಹಲ್ಲಿನ ಚಕ್ರ ಉರುಳಿಸಬೇಕು. ಪೇಪರಿನ ಮೇಲೆ ಚುಕ್ಕಿ ಚುಕ್ಕಿ ಬೀಳುತ್ತದೆ. ಕತ್ತರಿಸುವುದು ಆ ಪೇಪರನ್ನು.

ಇಷ್ಟು ಹೇಳಿ, ಚುಕ್ಕಿ ಹಾಕಿ ಕೂತಿರು ಎಂದು ಅತ್ತೆ ಹೊಲಿದ ಕೋಟುಗಳನ್ನು ಕೊಟ್ಟು ಬರಲು ಹೋಗಿದ್ದರು. ಚಿಟಿಕೆ ಚಕ್ರ ಉರುಳಿಸಿದಳು. ಪೇಪರು ಹರಿಯಿತು. ಇನ್ನೊಂದು ಇಟ್ಟಳು, ಅದೂ ಹರಿಯಿತು. ಹೇಗಿದ್ದರೂ ಒಂದು ಕಾಗದ ಕತ್ತರಿಸುವುದೇ ತಾನೇ, ಇದನ್ನೇ ಕತ್ತರಿಸಿದರೆ ಬೇಗ ಆಗುತ್ತದಲ್ಲ ಎಂದು ಅವಳ ಕೈಗೆ ಅನಿಸಿತು. ತಲೆಯನ್ನು ಒಂದು ಮಾತು ಕೇಳದೆ ಕೈ ಕತ್ತರಿ ಎತ್ತಿಕೊಂಡಿತು. ಒಳಗಿನ ಗೆರೆ ಉಳಿಯಿತು. ಹೊರಗಿನ ಐದೂ ಈಗ ಪೊರಕೆಯ ಮುಂದೆ ಬಿದ್ದಿದ್ದವು.

ಮೂರು ಗಂಟೆಗೆ ಏಣಿ ಬರುವವಳಿದ್ದಳು. ಅವಳ ಫ್ರಾಕಿಗೆ ನಾಲ್ಕನೆಯ ಗೆರೆ.

ಗೇಟು ಕಿರುಗುಟ್ಟಿತು. ಚಿಟಿಕೆ ಪಟ್ಟಿಗಳನ್ನೆಲ್ಲ ಬಾಚಿ ಮೂಲೆಯ ಚಿಂದಿ ಚೀಲಕ್ಕೆ ತುರುಕಿದಳು. ಮೇಜಿನ ಮೇಲೆ ಉಳಿದದ್ದರ ಮೇಲೆ ನ್ಯೂಸ್‌ಪೇಪರ್ ಎಳೆದಳು.

ಅತ್ತೆ ಬಂದರು, ನೀರು ಕುಡಿದರು, ಹಿತ್ತಲಿನಿಂದ ಲಿನನ್ ತಂದು ಇಸ್ತ್ರಿಗೆ ಹರಡಿದರು. ಲಿನನ್ ಪೂರ್ತಿ ಒಣಗುವ ಮೊದಲೇ ಇಸ್ತ್ರಿ ಮಾಡಬೇಕು, ಇಲ್ಲದಿದ್ದರೆ ಸುಕ್ಕು ಹಟ ಹಿಡಿದು ಕೂರುತ್ತದೆ ಎಂದು ಹೇಳಿಕೊಡುತ್ತಾ ಹೋದರು. ಬಿಸಿ ಬಟ್ಟೆಯಿಂದ ಒಣಹುಲ್ಲಿನ ವಾಸನೆ ಎದ್ದಿತು. ಚಿಟಿಕೆ ಹೂಂ ಎನ್ನುತ್ತಿದ್ದಳು, ಅಷ್ಟೇ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗೆ ಅವಳ ಕಣ್ಣು ಮತ್ತೆ ಮತ್ತೆ ಮೂಲೆಗೇ ಓಡುತ್ತಿತ್ತು.

"ಯಾಕೇ, ಬಾಯಿಗೆ ಗುಂಡಿ ಹೊಲ್ಕೊಂಡಿದೀಯಾ?" ಎಂದರು ಅತ್ತೆ.

ಅಷ್ಟರಲ್ಲಿ ಬಾಗಿಲಲ್ಲಿ ಹಾಸಿಗೆಯವನು ನಿಂತ. ವಾರಕ್ಕೊಮ್ಮೆ ಬಂದು ಚಿಂದಿ ಚೀಲ ಒಯ್ದು ದಿಂಬಿಗೆ ತುಂಬುವವನು. ಚಿಟಿಕೆ ಅವನನ್ನು ಮರೆತೇಬಿಟ್ಟಿದ್ದಳು.

ಅವನು ಚೀಲ ಎತ್ತಿ ಅಲ್ಲಾಡಿಸಿದ. "ಇದೇನಕ್ಕಾ, ಇವತ್ತು ಪರಪರ ಅಂತಿದೆ? ಕಾಗದ ಸೇರಿಲ್ಲ ತಾನೇ? ಹೋದ್ಸಲ ಒಂದು ದಿಂಬಿಗೆ ಕಾಗದ ಸೇರ್ಕೊಂಡು, ಆ ಮನೆಯವರು ಇಲಿ ಅಂತ ತಿಳ್ಕೊಂಡು ಬೆಕ್ಕು ಸಾಕಿದ್ರು."

ನನ್ನ ಚೀಲಕ್ಕೆ ಕಾಗದ ಎಲ್ಲಿಂದ ಬರಬೇಕಪ್ಪ ಎಂದು ಅತ್ತೆ ನಕ್ಕರು. ಅವನು ಚೀಲ ಹೆಗಲಿಗೇರಿಸಿ ಹೊರಟ. ಚೀಲ ಹೊಸ್ತಿಲು ದಾಟಿತು.

ಹೋಗಲಿ ಎಂದಿತು ಒಂದು ಮನಸ್ಸು. ಹೋದರೆ ಮತ್ತೆ ಬರುವುದಿಲ್ಲ ಎಂದಿತು ಇನ್ನೊಂದು. ಚಿಟಿಕೆ ಓಡಿಹೋಗಿ ಚೀಲದ ಬಾಲ ಹಿಡಿದುಕೊಂಡಳು.

"ಅತ್ತೆ, ತಾಯಿಕಾಗದ ಇದರಲ್ಲಿದೆ. ನಾನೇ ಕತ್ತರಿಸಿದೆ."

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟರು. ನ್ಯೂಸ್‌ಪೇಪರ್ ಎತ್ತಿ ನೋಡಿದರು. ಹಾಸಿಗೆಯವನು ಸದ್ದಿಲ್ಲದೆ ಚೀಲ ಇಳಿಸಿ, ನಾಳೆ ಬರುತ್ತೇನಕ್ಕ ಎಂದು ಹೋದ.

ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಅವರು ಹಿತ್ತಲಿಗೆ ಹೋಗಿ, ಖಾಲಿ ತಂತಿಯ ಕೆಳಗೆ ಬೆನ್ನು ತಿರುಗಿಸಿ ನಿಂತರು. ಬಂದಾಗ ಮುಖ ತೊಳೆದುಕೊಂಡಿದ್ದರು.

"ಚೀಲ ಸುರಿ" ಎಂದರು.

ಇಬ್ಬರೂ ನೆಲದ ಮೇಲೆ ಕೂತು ದಾರದ ಗಂಟು, ಬಟ್ಟೆ ಚೂರು, ಮುರಿದ ಗುಂಡಿಗಳ ನಡುವೆ ಹುಡುಕಿದರು. ಸಿಕ್ಕ ಪಟ್ಟಿಯನ್ನು ಅತ್ತೆ ಅಂಗೈಯಲ್ಲಿ ನೀವಿ ಕೊಡುವರು. ಚಿಟಿಕೆ ಅದರ ಜಾಗ ಹುಡುಕಿ, ಹಿಂದಿನಿಂದ ತೆಳು ಕಾಗದ ಕೊಟ್ಟು ಗೋಂದಿನಲ್ಲಿ ಅಂಟಿಸುವಳು. ಅಂಟಿಸುತ್ತಾ ಅಂಟಿಸುತ್ತಾ ಅಕ್ಷರಗಳನ್ನು ಓದತೊಡಗಿದಳು. ಆ ಕಾಗದದಿಂದ ಫ್ರಾಕು ಹೊಲಿಸಿಕೊಂಡ ಬೀದಿಯ ಹುಡುಗಿಯರೆಲ್ಲ ತಮ್ಮ ತಮ್ಮ ಗೆರೆಯ ಪಕ್ಕದಲ್ಲಿದ್ದರು. ಬೆಲ್ಲದಚ್ಚು, ಎಂಟು ವರ್ಷ, ಸೊಂಟ ಸಡಿಲ. ಗುಮ್ಮಿ, ಹದಿಮೂರು, ಜೇಬು ಎರಡು ಬೇಕಂತೆ.

ಒಳಗಿನ ಗೆರೆಯ ಪಕ್ಕದಲ್ಲಿ ಒಂದೇ ಹೆಸರು ಮೂರು ಸಲ ಇತ್ತು. ಕಡ್ಡಿ, ಒಂಬತ್ತು. ಕಡ್ಡಿ, ಹತ್ತು. ಕಡ್ಡಿ, ಹನ್ನೊಂದು.

"ಅತ್ತೆ, ಈ ಕಡ್ಡಿ ಯಾರು? ಮೂರು ವರ್ಷ ಬೆಳೆದೇ ಇಲ್ವಲ್ಲ."

ಚೀಲ ಸುರಿದ ಮೇಲೆ ಅತ್ತೆ ಮೊದಲ ಸಲ ಅವಳ ಮುಖ ನೋಡಿದರು. "ನಿಮ್ಮಮ್ಮ" ಎಂದರು.

ಚಿಟಿಕೆಗೆ ನಂಬಿಕೆ ಬರಲಿಲ್ಲ. ಅಮ್ಮ ಎಂದರೆ ಅಟ್ಟದ ಮೇಲಿನ ಡಬ್ಬವನ್ನು ನೆಲದಲ್ಲಿ ನಿಂತೇ ಇಳಿಸುವವಳು. ಅವಳು ಉಳಿದ ಪಟ್ಟಿಗಳನ್ನೆಲ್ಲ ಸರಸರ ಎಳೆದುಕೊಂಡು ಕಡ್ಡಿಯನ್ನು ಹುಡುಕಿದಳು. ಕಡ್ಡಿ ಹನ್ನೆರಡಕ್ಕೆ ಮೂರನೆಯ ಗೆರೆಯಲ್ಲಿ ಸಿಕ್ಕಳು. ಹದಿನಾಲ್ಕಕ್ಕೆ ಐದನೆಯದರಲ್ಲಿ. ಎಲ್ಲಕ್ಕಿಂತ ಹೊರಗಿನ ಗೆರೆಯ ಹತ್ತಿರ, "ಕಡ್ಡಿ, ಮದುವೆಗೆ ಮುಂಚೆ, ಉದ್ದ ಇನ್ನೂ ಎರಡು ಇಂಚು ಇಳಿಸಬೇಕು" ಎಂದಿತ್ತು.

ಆ ಪಟ್ಟಿಯನ್ನು ಅಂಟಿಸುವಾಗ ಅವಳ ನಾಲಿಗೆ ಪೂರ್ತಿ ಹೊರಗೆ ಬಂದಿತ್ತು.

ತೋಳಿನ ಒಂದು ಪಟ್ಟಿ ಮಾತ್ರ ಸಿಗಲೇ ಇಲ್ಲ. ಅದರ ಮೇಲೆ ಇದ್ದದ್ದು ಗುರುವಮ್ಮನದೇ ಕೈಬರಹ. ಅತ್ತೆ ಹೊಸ ಕಾಗದ ಜೋಡಿಸಿ, ಕಣ್ಣಂದಾಜಿನಲ್ಲೇ ಐದು ಗೆರೆ ಎಳೆದರು. ಆಮೇಲೆ ಬರಹವಿದ್ದ ಜಾಗಕ್ಕೆ ಪೆನ್ಸಿಲ್ ತಂದು ಅಲ್ಲೇ ನಿಲ್ಲಿಸಿದರು.

"ಏನು ಬರೆದಿತ್ತು ಅತ್ತೆ?"

"ಕೈ ಎತ್ತಿದರೆ ತೋಳು ಹಿಡಿಯಬಾರದು ಅಂತ." ಅವರು ಪೆನ್ಸಿಲ್ಲನ್ನು ಚಿಟಿಕೆಗೆ ಕೊಟ್ಟರು. "ನೀನೇ ಬರಿ. ಅವರ ಅಕ್ಷರ ಹೇಗೂ ನಂಗೂ ಬರಲ್ಲ."

ಚಿಟಿಕೆ ಬರೆದಳು. ಇಷ್ಟು ಮೆಲ್ಲಗೆ ಅವಳು ಪರೀಕ್ಷೆಯಲ್ಲೂ ಬರೆದಿರಲಿಲ್ಲ.

ಮೂರಕ್ಕೆ ಏಣಿ ಬಂದಳು. ತೇಪೆ ಹಾಕಿದ ಕಾಗದ ನೋಡಿ, ಇದಕ್ಕೇನಾಯಿತು ಎಂದು ಕೇಳಿದಳು. ನಾನು ಹಾಳು ಮಾಡಿದೆ, ಅಂಟಿಸಿದೆ ಎಂದು ಚಿಟಿಕೆ ಹೇಳಿದಳು. ಏಣಿ ಹೌದಾ ಎಂದು ಕೈ ಅಗಲಿಸಿ ಅಳತೆಗೆ ನಿಂತಳು. ಅಳತೆ ಪಟ್ಟಿಯ ತುದಿ ಹಿಡಿಯಲು ಚಿಟಿಕೆ ಸ್ಟೂಲು ಹತ್ತಬೇಕಾಯಿತು.

ಮರುದಿನ ಚಿಟಿಕೆ ಹಲ್ಲಿನ ಚಕ್ರ ಉರುಳಿಸಿದಳು. ಪೇಪರು ಮೂರು ಸಲ ಹರಿಯಿತು, ನಾಲ್ಕನೆಯ ಸಲ ಹರಿಯಲಿಲ್ಲ. ಚುಕ್ಕಿಯ ಪೇಪರನ್ನು ಲಿನನ್ನಿನ ಮೇಲಿಟ್ಟು ಗುಂಡುಸೂಜಿ ಚುಚ್ಚಿದ ಮೇಲೆ ಅತ್ತೆ ಕತ್ತರಿಯನ್ನು ಬಟ್ಟೆಯ ಮೇಲಿರಿಸಿ ಕಣ್ಣು ಮುಚ್ಚಿದರು. ತುಟಿ ಅಲುಗಿತು. ಏನು ಹೇಳಿಕೊಂಡಿರಿ ಎಂದು ಚಿಟಿಕೆ ಕೇಳಿದಳು.

"ಕತ್ತರಿ ಹಾಕಿದ ಮೇಲೆ ವಾಪಸ್ ಬರೋಕಾಗಲ್ಲ ನೋಡು. ಅದಕ್ಕೆ, ಜೊತೆಗಿರಪ್ಪಾ ಅಂತ ದೇವರಿಗೆ ಮೊದಲೇ ಒಂದು ಮಾತು."

ಚಿಟಿಕೆಯೂ ಕಣ್ಣು ಮುಚ್ಚಿದಳು. ಅವಳು ಹೇಳಿಕೊಂಡದ್ದು ಸ್ವಲ್ಪ ಉದ್ದವಿತ್ತು. ಅತ್ತೆ ಕಾದರು.

ನಾಲ್ಕು ದಿನ ಮೆಷಿನ್ನು ಟಕಟಕ ಓಡಿತು, ನಿಂತಿತು, ಬಿಚ್ಚಿಸಿಕೊಂಡಿತು, ಮತ್ತೆ ಓಡಿತು. ಕೊನೆಗೆ ಅಂಚು ಮಡಚುವಾಗ ಎಷ್ಟು ಅಗಲ ಎಂದು ಅತ್ತೆ ಕೇಳಿದರು. ಚಿಟಿಕೆ ನಾಲ್ಕು ಬೆರಳು ತೋರಿಸಿದಳು. ಅತ್ತೆ ಅಷ್ಟೇ ಮಡಚಿ ಗುಂಡುಸೂಜಿ ಚುಚ್ಚಿಕೊಟ್ಟರು. ಬೆಳೆದಾಗ ಬಿಚ್ಚಲು ಸುಲಭವಾಗಲೆಂದು ಚಿಟಿಕೆ ಅದನ್ನು ಕೈಯಲ್ಲೇ ಹೊಲಿದಳು.

ತಾಯಿಕಾಗದವನ್ನು ಸುತ್ತಿಡುವ ಮೊದಲು ಒಳಗಿನ ಗೆರೆಯ ಪಕ್ಕ, ಮೂರು ಕಡ್ಡಿಗಳ ಕೆಳಗೆ, "ಚಿಟಿಕೆ, ಹತ್ತು" ಎಂದು ಬರೆದಳು. ಅದರ ಕೆಳಗೆ ಇನ್ನೂ ಜಾಗವಿತ್ತು.

ಸಂಜೆ ಅಮ್ಮ ಕರೆದೊಯ್ಯಲು ಬಂದಳು. ಅತ್ತೆಯ ಮನೆಯ ಬಾಗಿಲು ತಗ್ಗು. ಅಮ್ಮ ಯಾವಾಗಲೂ ಮಾಡುವಂತೆ ತಲೆ ಬಗ್ಗಿಸಿ ಒಳಗೆ ಬಂದಳು. ಚಿಟಿಕೆ ಅದನ್ನು ಅದೇ ಮೊದಲು ನೋಡುವವಳಂತೆ ನೋಡಿದಳು.

"ಹೋಗೋಣ್ವಾ, ಕಡ್ಡಿ?" ಎಂದಳು.

ಅಮ್ಮ ಗಕ್ಕನೆ ನಿಂತು ಅತ್ತೆಯ ಕಡೆ ತಿರುಗಿದಳು. ಅತ್ತೆ ಸೂಜಿಗೆ ದಾರ ಪೋಣಿಸುವುದರಲ್ಲೇ ಮುಳುಗಿದ್ದರು.

ಹೊರಡುವಾಗ ಅಮ್ಮ ಮತ್ತೆ ಬಗ್ಗಿದಳು. ಚಿಟಿಕೆ ನೀಲಿ ಫ್ರಾಕಿನಲ್ಲಿ ನೆಟ್ಟಗೆ ನಡೆದು ಹೊಸ್ತಿಲಲ್ಲಿ ನಿಂತು, ಒಂದು ಕೈಯನ್ನು ಮೇಲಕ್ಕೆತ್ತಿದಳು. ತೋಳು ಎಲ್ಲೂ ಹಿಡಿಯಲಿಲ್ಲ. ಬೆರಳ ತುದಿಗೂ ಬಾಗಿಲ ಮೇಲುಪಟ್ಟಿಗೂ ನಡುವೆ ಇನ್ನೂ ಒಂದು ಗೇಣು ಖಾಲಿ ಇತ್ತು.

ಇರಲಿ ಎಂದುಕೊಂಡು ಅವಳು ಬೀದಿಗೆ ಇಳಿದಳು.