ಬಿಳಿ ಸಾಲಿನ ನೇರಳೆ ಹೂ

ಬೇರು ಸಮೇತ ಕಿತ್ತ ಗಿಡಗಳನ್ನು ಮುಷ್ಟಿಯಲ್ಲಿ ಹಿಡಿದು ಅವನು ಬದುವಿನ ಮೇಲೆ ನಿಂತಿದ್ದ. ಬೇರಿನ ಹಸಿ ಮಣ್ಣು ಅವನ ಚಪ್ಪಲಿಯ ಮೇಲೆ ಉದುರುತ್ತಿತ್ತು. ಎಲೆಗಳ ಸಂದಿಯಲ್ಲಿ ಪುಟ್ಟ ಪುಟ್ಟ ನೇರಳೆ ಹೂಗಳು...

ಎದುರಿಗೆ ಬಂದ ಅವಳು ಅವನ ಮುಷ್ಟಿಯತ್ತ ಬೆರಳು ತೋರಿಸಿದಳು.

“ಏನ್ ಮಾಡ್ತಿದೀರಿ?”

“ಸಾಲು ಶುದ್ಧ ಮಾಡ್ತಿದೀನಿ ಮೇಡಂ. ಬಿಳಿ ಹೂವಿನ ಸಾಲಲ್ಲಿ ನೇರಳೆ ಕಲಬೆರಕೆ ಸೇರ್ಕೊಂಡಿತ್ತು. ಒಂದೂ ಬಿಟ್ಟಿಲ್ಲ.”

ಭೇಷ್ ಅನ್ನಿಸಿಕೊಳ್ಳಲು ಕಾದವನ ಹಾಗೆ ನಿಂತಿದ್ದ. ಅವಳು ಅಲ್ಲೇ ಕುಸಿದು ಕೂತಳು.

ಸೋಯಾಬೀನ್ ತಳಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಚಿಮಟ ಎಂದು. ಜೇಬಿನಲ್ಲಿ ಸದಾ ಮೊಗ್ಗು ಬಿಡಿಸುವ ಒಂದು ಸಣ್ಣ ಚಿಮಟ ಇರುತ್ತಿತ್ತು, ಮಾತೂ ಅದರ ಹಾಗೇ ಚುರುಕು. ಅವಳ ಬಳಿ ಎರಡು ತಳಿಗಳಿದ್ದವು. ಬಿಳಿ ಹೂವಿನದಕ್ಕೆ ಕಾಳಿನ ತುಂಬ ಸತ್ವ, ಆದರೆ ಗಾಳಿ ಬೀಸಿದರೆ ಮಲಗಿಬಿಡುತ್ತದೆ, ಕೊಯ್ಲಿಗೆ ಮೊದಲೇ ಕಾಯಿ ಸಿಡಿದು ಕಾಳು ಮಣ್ಣುಪಾಲು. ನೇರಳೆಯದು ಸೈನಿಕನ ಹಾಗೆ ನಿಲ್ಲುತ್ತದೆ, ಕಾಳಿನಲ್ಲಿ ಮಾತ್ರ ಹುರುಳಿಲ್ಲ. ಎರಡರ ಗುಣವನ್ನೂ ಒಂದೇ ಗಿಡಕ್ಕೆ ತರಬೇಕೆಂದು ಅವಳು ಹಟ ಹಿಡಿದಿದ್ದಳು.

ಅದಕ್ಕೆ ಅರಳದ ಬಿಳಿ ಮೊಗ್ಗನ್ನು ಉಸಿರು ಬಿಗಿಹಿಡಿದು ಬಿಡಿಸಿ, ಒಳಗಿನ ಕೇಸರಗಳನ್ನು ತೆಗೆದು, ನೇರಳೆ ಹೂವಿನ ಪರಾಗ ಸವರಬೇಕು. ಹೆಚ್ಚಿನವು ಉದುರಿಹೋಗುತ್ತವೆ. ಉಳಿದವೂ ಮೋಸ ಮಾಡುತ್ತವೆ: ತಮ್ಮದೇ ಪರಾಗದಿಂದ ಕಾಯಿ ಕಟ್ಟಿರುತ್ತವೆ. ಆ ಬೀಜ ಬಿತ್ತಿದರೆ ಬಿಳಿ ಹೂವೇ. ಸಂಕರ ನಿಜವಾಗಿ ಕೂಡಿಬಂದ ಗಿಡದಲ್ಲಿ ಮಾತ್ರ ತಂದೆಯ ನೇರಳೆ ಕಾಣುತ್ತದೆ. ಹೀಗೆ ಸವರಿ ಪಡೆದ ಬೀಜಗಳನ್ನೇ ಅವಳು ಈ ಸಾಲಿನಲ್ಲಿ ಬಿತ್ತಿದ್ದಳು.

ಅಂಥವನ್ನೇ ಹುಡುಕಿ ಹುಡುಕಿ ಕಿತ್ತಿದ್ದ ಈ ಪುಣ್ಯಾತ್ಮ!

ಬೀಜದ ಶುದ್ಧತೆ ನೋಡಿಕೊಳ್ಳಲು ಆ ವಾರವಷ್ಟೇ ಬಂದ ಅಧಿಕಾರಿ ಅವನು. ಬೀಜೋತ್ಪಾದನೆಯ ಹೊಲಗಳಲ್ಲಿ ಬೇರೆ ಬಣ್ಣ ಕಂಡರೆ ಕೀಳುವುದೇ ಅವನ ಕಸುಬು. ಇದು ಸಂಕರದ ಪ್ರಯೋಗ ಎಂಬ ಅವಳ ಫಲಕ ಸಾಲಿನ ಆ ತುದಿಯಲ್ಲಿತ್ತು, ಅವನು ಈ ತುದಿಯಿಂದ ಬಂದಿದ್ದ. ತಪ್ಪು ತಿಳಿದಾಗ ಅವನ ಮುಖ ಬಿಳಿಚಿಕೊಂಡಿತು.

“ಮೇಡಂ, ನಾನು...”

“ಹೋಗಿ ಇಲ್ಲಿಂದ,” ಎಂದಳು, ಅವನ ಮುಖ ನೋಡದೆ.

ಮೇಲಧಿಕಾರಿಗಳು ಮೊದಲೇ ಹೇಳಿದ್ದರು, ಈ ಬೆಳೆಯಲ್ಲಿ ಸಂಕರದ ಬೀಜ ಕೈಗೆ ಬಾರದಿದ್ದರೆ ಪ್ರಯೋಗ ಮುಗಿಯಿತು, ಹೊಲ ಬೇರೆಯವರಿಗೆ ಎಂದು. ಈಗ ಕೈಯಲ್ಲಿ ಉಳಿದದ್ದು ಬರೀ ಬಿಳಿ. ಮನೆಯಲ್ಲಿ ಅಮ್ಮ ತಟ್ಟೆ ಮುಂದಿಟ್ಟು, “ನಿನಗೊಂದು ಸಂಬಂಧ ನೋಡೋಣ ಅಂದ್ರೆ ನೀನು ಹೂವಿಗೆ ಮದುವೆ ಮಾಡಿಸ್ತಾ ಕೂತೆ. ಅದಾದ್ರೂ ಆಯ್ತಾ?” ಎಂದು ಕೇಳಿದರು. ಆಗಿತ್ತಮ್ಮ, ಯಾರೋ ಮುರಿದರು... ಎಂದುಕೊಂಡು ಅವಳು ತುತ್ತು ನುಂಗಿದಳು.

ಆಮೇಲೆ ಅವಳು ಅವನೊಂದಿಗೆ ಮಾತು ಬಿಟ್ಟಳು. ಕೊನೆಯ ಮೊಗ್ಗುಗಳಲ್ಲಿ ಹೊಸದಾಗಿ ಸಂಕರ ಮಾಡಲು ಕೂತಳು. ದಿನವೂ ಅವಳ ಮಣೆ ನೆರಳಿನಲ್ಲಿರುತ್ತಿತ್ತು. ಮೇಲೆ ಕಟ್ಟಿದ ಹಳೇ ಚಾದರ ಯಾರದೆಂದು ಕೇಳಬೇಕಿರಲಿಲ್ಲ. ಅವಳು ಮಣೆಯನ್ನು ದರದರ ಬಿಸಿಲಿಗೆ ಎಳೆದುಕೊಂಡು ಕೂತು, ಸಂಜೆ ತಲೆನೋವಿನಿಂದ ನರಳುತ್ತಿದ್ದಳು. ಸವರಿದ ಹೂಗಳೆಲ್ಲ ಉದುರಿದವು.

‘ಇವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು... ನೆಮ್ಮದಿಯಾಗಿ ದ್ವೇಷಿಸಬಹುದಿತ್ತು.’

ಕಾಯಿ ಬಲಿಯುವ ಹೊತ್ತಿಗೆ ಕಚೇರಿಯಿಂದ ಸುದ್ದಿ ಬಂತು, ಅವನು ಅವಳ ಹೊಲದ ವಿಷಯವಾಗಿ ಮೇಲಧಿಕಾರಿಗಳ ಕೋಣೆಗೆ ಹೋಗಿ ಬಂದನೆಂದು. ಅವಳ ಸಹನೆಯ ಕಟ್ಟೆಯೊಡೆಯಿತು. ಉಗ್ರಾಣದ ಹಿಂದೆ ಅವನಿದ್ದಲ್ಲಿಗೇ ನುಗ್ಗಿದಳು.

“ಗಿಡ ಕಿತ್ತಿದ್ದು ಸಾಲ್ದಾ? ಹೊಲಾನೂ ಬೇಕಾಯ್ತಾ ನಿಮಗೆ?”

ಅವನು ತಡವರಿಸಿದ. ಹೊಲ ಕೇಳಲು ಹೋಗಿರಲಿಲ್ಲ. ತಪ್ಪು ತನ್ನದು, ಅವಳಿಗೆ ಇನ್ನೊಂದು ಬೆಳೆಯ ಅವಕಾಶ ಕೊಡಿ, ಬೇಕಾದರೆ ತನ್ನ ಪಾಲಿನ ಹೊಲ ಕಡಿಮೆ ಮಾಡಿ ಎಂದು ಕೇಳಿದ್ದನಂತೆ. ಅವರು ಒಪ್ಪಲಿಲ್ಲ. ಸಂಕರದ ಬೀಜ ತೋರಿಸಿ, ಆಮೇಲೆ ಮಾತಾಡಿ ಎಂದರಂತೆ.

“ಬೀಜ ಎಲ್ಲಿಂದ ತರ್ಲಿ?” ಅವಳ ದನಿ ಒಡೆಯಿತು.

ಅವನು ಪಕ್ಕಕ್ಕೆ ಸರಿದ. ಗೋಡೆಯ ಬದಿಗೆ ಒದ್ದೆ ಗೋಣಿಯ ಮರೆಯಲ್ಲಿ ಸಾಲಾಗಿ ಬಕೆಟ್ಟುಗಳು. ಎಲ್ಲದರಲ್ಲೂ ಒಣಗಿದ ಕಡ್ಡಿ... ಒಂದರಲ್ಲಿ ಮಾತ್ರ ಕಡ್ಡಿಯಲ್ಲ, ಗಿಡ. ಅರ್ಧ ಎಲೆ ಕತ್ತರಿಸಿದ, ಕೋಲಿಗೆ ಒರಗಿದ ಬಡಕಲು ಗಿಡ. ಅದರಲ್ಲಿ ಬಲಿತ ಒಂದೇ ಕಾಯಿ.

ಅವಳು ಮೊಣಕಾಲೂರಿ ಕಾಯಿಯನ್ನು ಬೆರಳಿನಿಂದ ಒತ್ತಿದಳು. ಒಳಗೆ ಕಾಳಿತ್ತು.

“ಕಿತ್ತಿದ್ದನ್ನೆಲ್ಲ ಅವತ್ತೇ ಕೆಸರಲ್ಲಿ ನೆಟ್ಟೆ,” ಎಂದ ಅವನು. “ಬಾಡಿದ್ರೂ ಹೂ ನೇರಳೆನೇ ಇತ್ತು.”

“ಇಷ್ಟು ದಿನ ಹೇಳ್ಬಾರದಿತ್ತಾ?”

“ಒಂದೊಂದಾಗಿ ಸಾಯ್ತಾ ಇದ್ವು. ಇದೂ ಸತ್ತಿದ್ರೆ ನೀವು ಎರಡನೇ ಸಲ ಹಾಗೆ ಕುಸಿದು ಕೂರೋದನ್ನ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ.”

ಅವಳಿಗೆ ಸಿಟ್ಟು ಬಂತು. ಒಬ್ಬನೇ ಸಂಕಟಪಟ್ಟದ್ದಕ್ಕೆ, ತಾನು ಸುಮ್ಮನೆ ಬಿಸಿಲಲ್ಲಿ ಬೆಂದದ್ದಕ್ಕೆ, ಕಣ್ಣು ಹೇಳದೆ ಕೇಳದೆ ತುಂಬಿಕೊಂಡದ್ದಕ್ಕೆ. ಒಂದು ಕಾಯಿಯ ಕಾಳು ಬಿತ್ತಿ, ಆರಿಸಿ, ಮತ್ತೆ ಬಿತ್ತಿ... ಗಟ್ಟಿ ತಳಿ ಆಗುವಷ್ಟರಲ್ಲಿ ತಲೆ ನರೆತಿರುತ್ತದೆ.

“ಇದು ಮುಗಿಯೋ ಕೆಲಸ ಅಲ್ಲ, ಗೊತ್ತಲ್ಲ?” ಎಂದಳು.

“ಗೊತ್ತು. ಅದಕ್ಕೇ ಧೈರ್ಯ ಮಾಡಿ ಕೇಳ್ತಿದೀನಿ.” ಅವನು ಅವಳ ಎದುರು ಕೂತ. “ನಿಮ್ಮ ಸಾಲಿಗೆ ನಾನು ಸೇರಿದವನಲ್ಲ, ಬಣ್ಣವೇ ಬೇರೆ. ನಿಮ್ಮನ್ನ ಇಷ್ಟಪಟ್ಟಿದೀನಿ. ಕಿತ್ತು ಹಾಕ್ತೀರಾ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ನೇರಳೆ ಕಿತ್ರೆ ಏನಾಗುತ್ತೆ ಅಂತ ನೋಡಿದೀನಲ್ಲ...” ಎಂದು ಬಕೆಟ್ಟಿನ ಹಿಡಿಕೆಯ ಒಂದು ಬದಿ ಹಿಡಿದಳು. “ಆ ಕಡೆ ಹಿಡ್ಕೋ. ಮೆಲ್ಲಗೆ.”

‘ನೀವು’ ಹೋಗಿ ‘ನೀನು’ ಆದದ್ದು ಅವನಿಗೆ ಕೇಳಿಸಿತು. ಅವನು ಆ ಕಡೆ ಹಿಡಿದುಕೊಂಡ.