ಯಾರ ಪೈಕಿ?

ಮಠದ ಪ್ರಾರ್ಥನಾ ಜಾಲತಾಣವನ್ನು ತೆರೆಯಲು ವಿರೂಪಾಕ್ಷಪ್ಪನವರು ಹೆಬ್ಬೆರಳು ಒತ್ತಿದರು. ಪರದೆಯ ಮೇಲೆ ಎಂದಿನ ಪ್ರಶ್ನೆ ಮೂಡಿತು: ‘ನೀವು ಯಾರ ಪೈಕಿ?’ ಕೆಳಗೆ ಹೆಂಡತಿ ಗುರುಸಿದ್ದವ್ವನ ಹೆಸರು. ಅದರ ಮುಂದೆ ಒಂದು ಸಾಲು: ‘ಉತ್ತರಕ್ಕಾಗಿ ಕಾಯಲಾಗುತ್ತಿದೆ.’ ಗುರುಸಿದ್ದವ್ವ ಹೋದ ಕಾರ್ತಿಕದಲ್ಲಿ ಲಿಂಗೈಕ್ಯಳಾಗಿದ್ದಳು.

ಆ ಕಾಲಕ್ಕೆ ಪಾಸ್‌ವರ್ಡುಗಳ ಬಳಕೆಯೇ ಜನರಿಗೆ ಮರೆತುಹೋಗಿತ್ತು. ಹಿಂದೆ ಜನ ಯಾವುದೋ ದೊಡ್ಡ ಕಂಪನಿಯ ಖಾತೆಯನ್ನು ತೋರಿಸಿ ಬೇರೆ ತಾಣಗಳ ಒಳಗೆ ಹೋಗುತ್ತಿದ್ದರು. ‘ಇವರು ನನಗೆ ಗೊತ್ತು’ ಎಂದು ಆ ಕಂಪನಿ ಹೇಳಿದರೆ ಸಾಕಿತ್ತು. ಗದಗಿನ ವಿಜ್ಞಾನಿ ಅನಸೂಯಾ ಹಳ್ಳಿಕೇರಿ ಕಂಪನಿಯ ಜಾಗದಲ್ಲಿ ಮನುಷ್ಯರನ್ನು ಕೂರಿಸಿದಳು. ಅವಳ ಊರಿನಲ್ಲಿ ಹೊಸಬರು ಕಟ್ಟೆಗೆ ಬಂದರೆ ಹಿರಿಯರು ಮೊದಲು ಕೇಳುತ್ತಿದ್ದದ್ದು ಅದೇ ಪ್ರಶ್ನೆ. ಗೊತ್ತಿದ್ದವರ ಹೆಸರು ಹೇಳಿದರೆ ಚಹಾ ಬರುತ್ತಿತ್ತು. ಅವಳ ಏರ್ಪಾಟೂ ಹಾಗೆಯೇ: ನೀವು ಬಾಗಿಲು ತಟ್ಟಿದರೆ ನೀವು ಸಾಕ್ಷಿಯೆಂದು ಹೆಸರಿಸಿದವರ ಕೈಯಲ್ಲಿರುವ ಯಂತ್ರದ ಬಳೆ ಬೆಚ್ಚಗಾಗುತ್ತದೆ; ಅವರು ಅದನ್ನೊತ್ತಿ ‘ನಮ್ಮವರೇ’ ಎಂದರೆ ಬಾಗಿಲು ತೆರೆಯುತ್ತದೆ. ಒಬ್ಬರಿಗೆ ಒಬ್ಬರೇ ಸಾಕ್ಷಿ. ಕಳ್ಳರು ನಡುವೆ ತೂರಬಾರದೆಂದು, ಹೊಸ ಹೆಸರು ಬರೆಯುವ ಮೊದಲು ಹಳೆಯದನ್ನು ಸ್ವಂತ ಕೈಯಿಂದ ಅಳಿಸಬೇಕಿತ್ತು.

ವಿರೂಪಾಕ್ಷಪ್ಪನವರು ಅನಸೂಯಾಳ ಪ್ರಯೋಗಾಲಯಕ್ಕೇ ಬಂದರು.

“ನಾಡದು ಆಕೀ ವರ್ಷದ ಪ್ರಾರ್ಥನಾ ಐತವ್ವಾ. ಮಠದ ಮಂದಿ ಎಲ್ಲಾ ಜಾಲದಾಗ ಕೂಡತಾರ. ನಾ ಒಬ್ಬಾಂವ ಹೊರಗ.”

“ಹಳೇ ಹೆಸರು ಅಳಿಸಿ ಮಕ್ಕಳ ಹೆಸರು ಹಾಕ್ರಿ, ಅಜ್ಜಾರ.”

“ಮಕ್ಕಳಿಲ್ಲ. ಇದ್ರೂ ಅಷ್ಟ. ಜೀವ ಇರೂತನಕಾ ನನ್ನ ‘ನಮ್ಮವರು’ ಅಂದಾಕಿನ್ನ ನನ್ನ ಕೈಲೇ ಅಳಸಂತೀಯಲ್ಲ, ಹ್ಯಾಂಗ ಅಳಸಲಿ?”

ಮುದುಕರು ಅನಸೂಯಾಳ ಕೈಬಳೆಯನ್ನು ನೋಡಿದರು.

“ಅದಿರಲಿ, ನಿನಗ ಯಾರು ‘ನಮ್ಮಾಕಿ’ ಅಂತಾರ?”

“ಪರೀಕ್ಷೆಗಂತ ಒಂದು ಸುಳ್ಳು ಖಾತೆ ಮಾಡಿದ್ದೆ. ಅದ ಅಂತೈತ್ರಿ.”

“ಏ ಹುಚ್ಚೀ! ಊರಿಗೆಲ್ಲಾ ಬಾಗಲಾ ಮಾಡಿಕೊಟ್ಟಿ, ನಿನ್ನ ಒಳಗ ಕರಿಯೋರ ಇಲ್ಲಲ್ಲ!” ಎಂದು ಅವರು ನಕ್ಕರು. ಅವಳೂ ನಗಲು ಹೋದಳು, ಆಗಲಿಲ್ಲ.

ಅನಸೂಯಾ ನಿಯಮವನ್ನು ತಿದ್ದಿದಳು. ಸತ್ತವರ ಹೆಸರು ಅಳಿಯದೆ ಇರಲಿ, ಪಕ್ಕದಲ್ಲಿ ಬದುಕಿರುವವರೊಬ್ಬರು ಸೇರಲಿ. ಗುರುಸಿದ್ದವ್ವನ ಪಕ್ಕದಲ್ಲಿ ತನ್ನ ಹೆಸರನ್ನೇ ಬರೆದಳು. ಪ್ರಾರ್ಥನೆಯ ಸಂಜೆ ಬಳೆ ಬೆಚ್ಚಗಾಯಿತು. “ನಮ್ಮವರೇ” ಎಂದಳು, ಮುದುಕರು ಒಳಗೆ ಹೋದರು.

ಆಮೇಲೆ ಸುಳ್ಳು ಖಾತೆಯನ್ನು ಅಳಿಸಿ, ತನ್ನ ಸಾಕ್ಷಿಯಾಗಿ ವಿರೂಪಾಕ್ಷಪ್ಪನವರ ಹೆಸರು ಬರೆದುಕೊಂಡಳು. ಅವಳು ಬೆಳಿಗ್ಗೆ ಕೆಲಸಕ್ಕೆ ಕೂತರೆ ಅವರು ಲಿಂಗಪೂಜೆ ಮುಗಿಸಿ ಬಳೆ ಒತ್ತುವವರೆಗೆ ಕಾಯಬೇಕಿತ್ತು. ಜೊತೆಗೆ ಅವರ ಧ್ವನಿಯೂ ಬರುತ್ತಿತ್ತು: “ಉಂಡಿಯೇನವ್ವಾ?”

ಕೆಲವು ವರ್ಷಗಳ ನಂತರ, ಒಂದು ಬೆಳಿಗ್ಗೆ ಆ ಧ್ವನಿ ಬರಲಿಲ್ಲ. ಪೂಜೆ ತಡವಾಗಿರಬೇಕೆಂದು ಅವಳು ಮಧ್ಯಾಹ್ನದವರೆಗೂ ಕಾದಳು. ‘ವಿರೂಪಾಕ್ಷಪ್ಪ. ಉತ್ತರಕ್ಕಾಗಿ ಕಾಯಲಾಗುತ್ತಿದೆ.’ ಮಠದಿಂದ ಸುದ್ದಿ ಬಂದಾಗ ಆ ಹೆಸರಿಗೆ ಕೈಮುಗಿದಳು. ಅದು ಅಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ಇನ್ನೊಬ್ಬರಿಗಾಗಿ ಬಿಟ್ಟ ಜಾಗ ಮಾತ್ರ ಖಾಲಿಯಿತ್ತು. ಎಷ್ಟು ಹೊತ್ತು ಕೂತರೂ ಅಲ್ಲಿ ಬರೆಯಲು ಅವಳಿಗೆ ಒಂದು ಹೆಸರೂ ನೆನಪಾಗಲಿಲ್ಲ.

ಇದೆಲ್ಲ ಮುಂದೆ ಆಗಬಹುದಾದ ಮಾತು. ಈಗ ನಾವು ಒಂದು ಗುಂಡಿ ಒತ್ತಿದರೆ, ನಮ್ಮ ಮುಖವನ್ನೇ ಕಾಣದ ಕಂಪನಿಯೊಂದು ನಮ್ಮನ್ನು ಬಲ್ಲೆನೆಂದು ಹೇಳುತ್ತದೆ, ಬಾಗಿಲು ತಕ್ಷಣ ತೆರೆಯುತ್ತದೆ. ಕಾಯುವ ಕೆಲಸವಿಲ್ಲ. ಉಂಡೆಯಾ ಎಂದು ಕೇಳುವವರೂ ಇಲ್ಲ.