ಒಂದನೇ ಚಾನೆಲಿನ ದೀಪ

ನಾನು ಸೌಂಡ್ ಕೆಲಸದವನು. ಕೇಳಿದ್ದಕ್ಕೆ ಬಣ್ಣ ಹಚ್ಚುವ ಅಭ್ಯಾಸವಿಲ್ಲ. ನಮ್ಮ ರಾಕ್ ಬ್ಯಾಂಡಿನ ಹಳೆಯ ನಾಲ್ವರೂ ಈಗಿಲ್ಲ. ಹೆಸರು ಹಳೆಯದು, ಅದನ್ನು ಹೊತ್ತು ಊರೂರು ಸುತ್ತುವವರು ಹೊಸಬರು. ಕೊನೆಗೆ ತೀರಿಕೊಂಡವನು ಹಾಡುಗಾರ, ನನ್ನ ಒಡಹುಟ್ಟಿದ ಅಣ್ಣ.

ಕಡೆಯ ವರ್ಷ ಅವನ ದನಿ ಬಿದ್ದುಹೋಗಿತ್ತು. "ನನ್ನ ಮೈಕ್ ಮುಚ್ಚಿಬಿಡೋ, ಹಳೇ ರೆಕಾರ್ಡಿಂಗ್ ಹಾಕು. ನಾನು ಬಾಯಾಡಿಸ್ತೀನಿ," ಅಂದಿದ್ದ. ಜನ ರೆಕಾರ್ಡಿಂಗಿಗೆ ಚಪ್ಪಾಳೆ ತಟ್ಟಿದರು. ಅವನು ನಿಜವಾಗಿಯೇ ಹಾಡುತ್ತಿದ್ದನೆಂಬುದು ಮೈಕಿಗೆ ದನಿ ತಾಗಿದಾಗೆಲ್ಲ ನನ್ನ ಸೌಂಡ್ ಮಿಕ್ಸರಿನಲ್ಲಿ ಮಿನುಗುವ ಹಸಿರು ದೀಪಕ್ಕಷ್ಟೇ ಗೊತ್ತಿತ್ತು.

ಮಿಕ್ಸರಿನಲ್ಲಿ ಅವನ ಮೈಕಿಗೆಂದೇ ಇದ್ದ ಒಂದನೇ ಚಾನೆಲನ್ನು ನಾನು ಯಾರಿಗೂ ಕೊಟ್ಟಿಲ್ಲ. ಮೊನ್ನೆ ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಹೊಸ ಹಾಡುಗಾರ ಮೈಕ್ ಪರೀಕ್ಷೆಗೆಂದು ಹಳೆಯ ಹಾಡೊಂದನ್ನು ಎತ್ತಿಕೊಂಡ. ಒಂದನೇ ಚಾನೆಲಿನ ದೀಪವೂ ಮಿನುಗತೊಡಗಿತು. ಅಣ್ಣ ಉಸಿರಿಗಾಗಿ ನಿಲ್ಲುತ್ತಿದ್ದ ಕಡೆಯಲ್ಲೇ ಆರುತ್ತಿತ್ತು. ಅದರ ತಂತಿ ಕಿತ್ತೆ. ಆದರೂ ಮಿನುಗಿತು.

ಹೊಸಬ ಹಾಡು ನಿಲ್ಲಿಸಿದ. "ಸಾರ್, ನನ್ನ ಪಕ್ಕ ಹಾಡ್ತಿರೋರ ದನಿ ಸ್ವಲ್ಪ ಜಾಸ್ತಿ ಮಾಡಿ. ಪಾಪ, ಉಸಿರು ಸಾಲ್ತಿಲ್ಲ ಅವರಿಗೆ."

ಅವನ ಪಕ್ಕ ಯಾರೂ ಇರಲಿಲ್ಲ. ಒಂದು ಕೈಯಲ್ಲಿ ಕಿತ್ತ ತಂತಿ ಹಿಡಿದುಕೊಂಡೇ, ಇನ್ನೊಂದರಿಂದ ಅಣ್ಣನ ದನಿ ಏರಿಸಿದೆ.

"ಹಾಂ, ಈಗ ಚೆನ್ನಾಗಿ ಕೇಳ್ತಿದೆ," ಅಂದ ಹೊಸಬ.

ನನಗೆ ಮಾತ್ರ ಏನೂ ಕೇಳಿಸಲಿಲ್ಲ.